ಗೋಡೆಗೊಂದು ಹಳೆಯ ಸೆರೆಮನೆ: ಶಿಕ್ಷೆಯ ದೃಶ್ಯಗಳ ಲೋಹದ ಚಿತ್ರಗಳಲ್ಲಿ ಯಾವುದನ್ನು ಕೊಳ್ಳಬಹುದು, ಯಾವುದನ್ನು ಬಿಡಬಹುದು

ಗೋಡೆಗೆ ಹಾಕುವ ಲೋಹದ ಚಿತ್ರಗಳನ್ನು ಆನ್‌ಲೈನ್ ಅಂಗಡಿಗಳಲ್ಲಿ ಹುಡುಕುತ್ತ ಹೋದರೆ ಬುಲೆಟ್ ಬೈಕು, ಧ್ಯಾನಸ್ಥ ಬುದ್ಧ, ಓಡುವ ಏಳು ಕುದುರೆಗಳ ನಡುವೆ ಒಂದು ವಿಚಿತ್ರ ಗುಂಪು ಎದುರಾಗುತ್ತದೆ. ವೃತ್ತಾಕಾರದಲ್ಲಿ ನಡೆಯುವ ಕೈದಿಗಳು, ಕಾಲಿಗೆ ಸರಪಳಿ ಬಿಗಿಸಿಕೊಂಡು ರಸ್ತೆ ಅಗೆಯುವವರು, ಭಾರೀ ಚಕ್ರದ ಮೆಟ್ಟಿಲುಗಳನ್ನು ತುಳಿಯುತ್ತಲೇ ಇರುವವರು. ವಕೀಲರ ಕಚೇರಿಗೆ, ಓದುವ ಕೋಣೆಗೆ, ಜೈಲಿನ ವೇಷ ತೊಟ್ಟ ಹೋಟೆಲುಗಳಿಗೆ ಇವು ಮಾರಾಟವಾಗುತ್ತವೆ. ಕೊಳ್ಳುವವರು ಅಳತೆ ನೋಡುತ್ತಾರೆ, ಬೆಲೆ ನೋಡುತ್ತಾರೆ, ಸೋಫಾದ ಬಣ್ಣಕ್ಕೆ ಹೊಂದುತ್ತದೆಯೇ ಎಂದು ನೋಡುತ್ತಾರೆ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಈ ದೃಶ್ಯವನ್ನು ಯಾರು, ಎಲ್ಲಿ ನಿಂತು ನೋಡಿದರು? ಕೈದಿಯ ಸಂಕಟ ಕಂಡವರು ಬಿಡಿಸಿದ ಚಿತ್ರಕ್ಕೂ ಪ್ರವಾಸಿಗರನ್ನು ನಗಿಸಲು ಅಚ್ಚು ಹಾಕಿದ ತಗಡಿಗೂ ಅಂಗಡಿ ಬೆಲೆಯಲ್ಲಿ ವ್ಯತ್ಯಾಸ ಕಡಿಮೆ. ಗೋಡೆಯ ಮೇಲೆ ಅವು ಮಾಡುವ ಕೆಲಸದಲ್ಲಿ ಮಾತ್ರ ಅಜಗಜಾಂತರ.

ಹಾಗಾಗಿ ಮೊದಲು ಚಿತ್ರಗಳ ವಿಚಾರ, ಆಮೇಲೆ ಲೋಹದ ವಿಚಾರ.

ನ್ಯೂಗೇಟ್‌ನ ಅಂಗಳ, ಎರಡು ಕೈಗಳಲ್ಲಿ

ಈ ಪೇಟೆಯಲ್ಲಿ ಹೆಚ್ಚು ಕಣ್ಣಿಗೆ ಬೀಳುವುದು ಒಂದೇ ದೃಶ್ಯದ ಎರಡು ರೂಪ. ಲಂಡನ್ನಿನ ನ್ಯೂಗೇಟ್ ಸೆರೆಮನೆಯ ವ್ಯಾಯಾಮದ ಅಂಗಳ. ಬಾವಿಯಂತೆ ಎದ್ದು ನಿಂತ ಗೋಡೆಗಳು, ಎಲ್ಲಿಯೂ ಆಕಾಶವಿಲ್ಲ, ಕೆಳಗೆ ಒಬ್ಬರ ಹಿಂದೊಬ್ಬರು ಸುತ್ತುವ ಕೈದಿಗಳು. ಫ್ರಾನ್ಸಿನ ಗುಸ್ತಾವ್ ಡೊರೆ ಇಂಗ್ಲಿಷ್ ಪತ್ರಕರ್ತ ಬ್ಲಾಂಚರ್ಡ್ ಜೆರಲ್ಡ್ ಜೊತೆ ಲಂಡನ್ನಿನ ಮೂಲೆಮೂಲೆ ಅಲೆದು ಬಿಡಿಸಿದ 180 ಚಿತ್ರಗಳು 1872ರಲ್ಲಿ ಪುಸ್ತಕವಾಗಿ ಬಂದವು. ಈ ಅಂಗಳ ಅವುಗಳಲ್ಲೊಂದು. 1890ರ ಫೆಬ್ರವರಿಯಲ್ಲಿ, ದಕ್ಷಿಣ ಫ್ರಾನ್ಸಿನ ಸಾಂ ರೆಮಿಯ ಮಾನಸಿಕ ಚಿಕಿತ್ಸಾಲಯದಲ್ಲಿದ್ದ ಡಚ್ ಕಲಾವಿದ ವ್ಯಾನ್ ಗೋ ಆ ಮುದ್ರಿತ ಹಾಳೆಯನ್ನು ಎದುರಿಗಿಟ್ಟುಕೊಂಡು ಅದನ್ನೇ ಎಣ್ಣೆಬಣ್ಣದಲ್ಲಿ ಮತ್ತೆ ಬಿಡಿಸಿದ. ಆ ಕ್ಯಾನ್ವಾಸ್ ಈಗ ಮಾಸ್ಕೋದ ಪುಷ್ಕಿನ್ ವಸ್ತುಸಂಗ್ರಹಾಲಯದಲ್ಲಿದೆ. ನ್ಯೂಗೇಟ್ ಮಾತ್ರ ಉಳಿದಿಲ್ಲ. 1902ರಿಂದ ಅದನ್ನು ಕೆಡವಿದರು. ಆ ಜಾಗದಲ್ಲಿ 1907ರಲ್ಲಿ ತೆರೆದ ಓಲ್ಡ್ ಬೈಲಿ ನ್ಯಾಯಾಲಯ ಇಂದಿಗೂ ಕಲಾಪ ನಡೆಸುತ್ತಿದೆ. ವಕೀಲರ ಕೋಣೆಗೆ ಈ ಚಿತ್ರ ಒಪ್ಪುವುದಕ್ಕೆ ಇದೂ ಒಂದು ಕಾರಣ.

ಎರಡರಲ್ಲಿ ಯಾವುದು? ಹೆಚ್ಚಿನವರು ವ್ಯಾನ್ ಗೋ ಹೆಸರಿಗೆ ಮಾರುಹೋಗುತ್ತಾರೆ. ಲೋಹದ ಮಟ್ಟಿಗೆ ಅವನ ಚಿತ್ರದಲ್ಲಿ ಒಂದು ಅನುಕೂಲವಿದೆ. ಬಣ್ಣದ ಗೀಟುಗಳು ದಪ್ಪವಾಗಿರುವುದರಿಂದ ಅಚ್ಚಿಗೆ ಬಳಸಿದ ಡಿಜಿಟಲ್ ಫೈಲು ಸ್ವಲ್ಪ ಕಳಪೆಯಾಗಿದ್ದರೂ ದೂರದಿಂದ ಗೊತ್ತಾಗುವುದಿಲ್ಲ. ಅನನುಕೂಲವೂ ಅದರಲ್ಲೇ ಇದೆ. ಮುದ್ದೆಮುದ್ದೆಯಾಗಿ ನಿಂತ ಬಣ್ಣವನ್ನು ಕನ್ನಡಿಯಂಥ ನುಣುಪು ಲೋಹದ ಮೇಲೆ ಚಪ್ಪಟೆಯಾಗಿ ಅಚ್ಚು ಹಾಕಿದಾಗ ಅದು ಪ್ಲಾಸ್ಟಿಕ್ಕಿನ ಹಾಗೆ ಹೊಳೆಯುತ್ತದೆ. ಈ ಚಿತ್ರವನ್ನು ಕೊಳ್ಳುವುದಾದರೆ ಹೊಳಪಿಲ್ಲದ ಮ್ಯಾಟ್ ಮೇಲ್ಮೈ ಇರುವುದನ್ನೇ ಕೇಳಿ. ಪರೀಕ್ಷೆ ಸುಲಭ. ಎತ್ತರದ ಗೋಡೆಯ ಮೇಲ್ಭಾಗದಲ್ಲಿ ವ್ಯಾನ್ ಗೋ ಎರಡು ಪುಟ್ಟ ಬಿಳಿ ಚಿಟ್ಟೆಗಳನ್ನು ಹಾರಲು ಬಿಟ್ಟಿದ್ದಾನೆ. ಮಾರಾಟಗಾರರ ಚಿತ್ರವನ್ನು ಹಿಗ್ಗಿಸಿ ನೋಡಿ; ಚಿಟ್ಟೆಗಳು ಚಿಟ್ಟೆಗಳಾಗಿ ಕಂಡರೆ ಫೈಲು ಪರವಾಗಿಲ್ಲ, ಸುಣ್ಣದ ಕಲೆಯಾಗಿ ಕಂಡರೆ ಮುಂದಿನ ಅಂಗಡಿಗೆ ಹೋಗಿ. ಚಿಟ್ಟೆಗಳೇ ಇಲ್ಲವೆಂದರೆ ಯಾರೋ ಮೇಲ್ಭಾಗಕ್ಕೆ ಕತ್ತರಿ ಹಾಕಿದ್ದಾರೆ.

ಕತ್ತರಿಯ ವಿಷಯ ಇಲ್ಲಿ ದೊಡ್ಡದು. ಮೂಲ ಕ್ಯಾನ್ವಾಸಿನ ಎತ್ತರ 80 ಸೆಂ.ಮೀ., ಅಗಲ 64 ಸೆಂ.ಮೀ.; ಅಂದರೆ ಐದಕ್ಕೆ ನಾಲ್ಕರ ಅನುಪಾತ. ತಗಡಿನ ಫಲಕಗಳು ಸಾಮಾನ್ಯವಾಗಿ 12 ಇಂಚಿಗೆ 8 ಇಂಚು, ಅಂದರೆ ಮೂರಕ್ಕೆ ಎರಡು. ಐದಕ್ಕೆ ನಾಲ್ಕನ್ನು ಮೂರಕ್ಕೆ ಎರಡರಲ್ಲಿ ತುಂಬಬೇಕಾದರೆ ಎರಡೂ ಪಕ್ಕಗಳನ್ನು ಕೊಯ್ಯಲೇಬೇಕು. ಈ ದೃಶ್ಯದ ಬಲಗಡೆ, ಕೈದಿಗಳ ಸುತ್ತಿನಿಂದ ಹೊರಗೆ, ಎತ್ತರದ ಟೋಪಿ ಹಾಕಿದ ಗಂಡಸರು ನಿಂತಿದ್ದಾರೆ. ನೋಡಲು ಬಂದ ಸಭ್ಯಸ್ಥರು. ಅವರನ್ನು ಕತ್ತರಿಸಿ ತೆಗೆದರೆ ಉಳಿಯುವುದು ನಡೆಯುತ್ತಿರುವ ಒಂದಷ್ಟು ಜನ ಮಾತ್ರ. ಶಿಕ್ಷೆಗೂ ಒಬ್ಬ ಪ್ರೇಕ್ಷಕನಿರುತ್ತಾನೆ ಎಂದು ಡೊರೆ ಚುಚ್ಚಿ ಹೇಳುವುದು ಆ ಟೋಪಿಗಳಿಂದಲೇ. ಆದ್ದರಿಂದ 20 ಇಂಚಿಗೆ 16, ಇಲ್ಲವೇ 10 ಇಂಚಿಗೆ 8 ಅಳತೆಯಲ್ಲಿ ಕೊಡುವವರನ್ನು ಹುಡುಕಿ.

ನನ್ನ ಮತ ಡೊರೆಗೆ. ಅವನ ಮೂಲಚಿತ್ರ ಮರದ ಅಚ್ಚಿನಲ್ಲಿ ಕೊರೆದದ್ದು. ಇಡೀ ಕತ್ತಲೆ ಹುಟ್ಟುವುದು ಒಂದರ ಪಕ್ಕ ಒಂದು ಕುಳಿತ ಕೂದಲೆಳೆಯ ಗೆರೆಗಳಿಂದ. ಒಳ್ಳೆಯ ಫೈಲಿನಿಂದ ಬಿಳಿ ಮ್ಯಾಟ್ ಅಲ್ಯೂಮಿನಿಯಂ ಮೇಲೆ ಬಂದಾಗ ಆ ಗೆರೆಗಳಿಗೆ ಕಾಗದದ ಮೇಲೆ ಸಿಗದ ಬಿಗಿ ಬರುತ್ತದೆ. ಕೆಟ್ಟ ಫೈಲಿನಿಂದ ಬಂದರೆ ಮಸಿ ಮೆತ್ತಿದ ಗೋಡೆ. ನಡುವಿನ ಸ್ಥಿತಿ ಎಂಬುದು ಇಲ್ಲಿಲ್ಲ.

ಇಲ್ಲದ ಸೆರೆಮನೆ

ಮನೆಯ ಗೋಡೆಗೆ ಬೇಕು, ಆದರೆ ನಿಜವಾದ ಮನುಷ್ಯನೊಬ್ಬನ ನೋವನ್ನು ದಿನವೂ ನೋಡುತ್ತ ಊಟ ಮಾಡುವುದು ಬೇಡ ಎನ್ನುವವರಿಗೆ ಪಿರಾನೇಸಿ ಇದ್ದಾನೆ. ಜೊವಾನ್ನಿ ಬತ್ತಿಸ್ತಾ ಪಿರಾನೇಸಿ ವೆನಿಸ್ ಕಡೆಯವನು, ಬದುಕಿದ್ದು ರೋಮಿನಲ್ಲಿ. ಊಹೆಯ ಸೆರೆಮನೆಗಳ ಚಿತ್ರಮಾಲೆಯನ್ನು 1750ರ ಸುಮಾರಿಗೆ 14 ಫಲಕಗಳಲ್ಲಿ ಪ್ರಕಟಿಸಿದ. 1761ರಲ್ಲಿ ಅವೇ ತಾಮ್ರದ ಫಲಕಗಳ ಮೇಲೆ ಮತ್ತೆ ಗೀಚಿ, ಆಮ್ಲದಲ್ಲಿ ಮತ್ತೆ ಕಚ್ಚಿಸಿ, ನೆರಳುಗಳನ್ನು ಕಪ್ಪಾಗಿಸಿ, ಎರಡು ಹೊಸ ಫಲಕ ಸೇರಿಸಿ 16 ಮಾಡಿದ. ಎಲ್ಲಿಗೂ ತಲುಪದ ಮೆಟ್ಟಿಲುಗಳು, ಕಮಾನಿನ ಮೇಲೆ ಕಮಾನು, ತೂಗುವ ಹಗ್ಗ, ರಾಟೆ, ಮೊಳೆ ಬಡಿದ ಚಕ್ರಗಳು. ಇವುಗಳ ನಡುವೆ ಇರುವೆಗಳಷ್ಟು ಸಣ್ಣ ಮನುಷ್ಯರು. ಇಂಥ ಸೆರೆಮನೆ ಭೂಮಿಯ ಮೇಲೆ ಎಲ್ಲಿಯೂ ಇರಲಿಲ್ಲ.

ಮಾಲೆಯೊಳಗೂ ಆಯ್ಕೆ ಮಾಡಿಕೊಳ್ಳಬೇಕು. ಎರಡನೆಯ ಆವೃತ್ತಿಯಲ್ಲಿ ಸೇರಿದ ಎರಡನೇ ಫಲಕದಲ್ಲಿ ಒಬ್ಬನನ್ನು ಚಿತ್ರಹಿಂಸೆಯ ಯಂತ್ರಕ್ಕೆ ಕಟ್ಟಿ ಎಳೆಯುತ್ತಿದ್ದಾರೆ. ಉಳಿದವುಗಳಿಗಿಂತ ಇದರಲ್ಲಿ ಹಿಂಸೆ ನೇರವಾಗಿದೆ. ಎತ್ತುಸೇತುವೆ ಎಂದು ಹೆಸರಾದ ಏಳನೆಯ ಫಲಕ ಎಲ್ಲರಿಗೂ ಪರಿಚಿತ, ಹಾಗಾಗಿ ಎಲ್ಲ ಅಂಗಡಿಗಳಲ್ಲೂ ಇದೆ. ಗಾಥಿಕ್ ಕಮಾನಿನ ಹದಿನಾಲ್ಕನೆಯ ಫಲಕ ಅಡ್ಡಕ್ಕಿದೆ. ಸೋಫಾದ ಮೇಲಿನ ಉದ್ದನೆಯ ಗೋಡೆಗೆ ಸರಿಹೊಂದುವುದು ಅದು. ಮಾರಾಟಗಾರರು ಮೊದಲ ಆವೃತ್ತಿಯದನ್ನು ಕೊಡುತ್ತಿದ್ದಾರೋ ಎರಡನೆಯದನ್ನೋ ಎಂದು ಪಟ್ಟಿಯಲ್ಲಿ ಬರೆಯುವುದು ಅಪರೂಪ. ನೀವೇ ಗುರುತಿಸಬಹುದು: ಮೊದಲನೆಯದು ಬೇಗ ಗೀಚಿದ ಕರಡಿನಂತೆ ಹಗುರ, ಬೆಳಕು ಹೆಚ್ಚು. ಎರಡನೆಯದು ದಟ್ಟ. ಲೋಹದ ಮೇಲೆ, ಅದೂ 16 ಇಂಚಿಗಿಂತ ಚಿಕ್ಕ ಅಳತೆಯಲ್ಲಿ, ಮೊದಲನೆಯದೇ ಚೆನ್ನ. ಎರಡನೆಯದರ ನೆರಳುಗಳು ಕಿರಿದಾದಾಗ ಒಂದರೊಳಗೊಂದು ಕೂಡಿಕೊಂಡು ಇದ್ದಿಲಾಗುತ್ತವೆ. ಮೂಲ ಫಲಕಗಳೇ ಸುಮಾರು 55 ಸೆಂ.ಮೀ.ಗೆ 41 ಸೆಂ.ಮೀ. ಇದ್ದವು ಎನ್ನುವುದನ್ನು ನೆನಪಿಟ್ಟುಕೊಂಡರೆ ಅಂಗೈಯಗಲದ ತಗಡಿನಲ್ಲಿ ಅವುಗಳಿಗೆ ಏನಾಗುತ್ತದೆ ಎಂದು ಊಹಿಸಬಹುದು.

ತುಳಿಯುವ ಚಕ್ರ

ಶಿಕ್ಷೆಯ ಚಿತ್ರ ಎಂದರೆ ಶಿಕ್ಷೆ ಹೇಗೆ ನಡೆಯುತ್ತಿತ್ತು ಎಂದು ತಿಳಿಸಬೇಕು ಎನ್ನುವ ಇತಿಹಾಸದ ಆಸಕ್ತರಿಗೆ ಈ ಚಕ್ರದ ಚಿತ್ರಗಳಿಗಿಂತ ಒಳ್ಳೆಯದಿಲ್ಲ. ಇಂಗ್ಲೆಂಡಿನ ಎಂಜಿನಿಯರ್ ವಿಲಿಯಂ ಕ್ಯೂಬಿಟ್ 1818ರ ಸುಮಾರಿಗೆ ಇದನ್ನು ಸೆರೆಮನೆಗೆ ತಂದ. ಅಗಲವಾದ ಉರುಳೆ, ಅದರ ಸುತ್ತ ಮೆಟ್ಟಿಲುಗಳು. ಕೈದಿಗಳು ಸಾಲಾಗಿ ನಿಂತು ಮೇಲಿನ ಕಂಬಿ ಹಿಡಿದು ಮೆಟ್ಟಿಲು ಹತ್ತುತ್ತಾರೆ, ಮೆಟ್ಟಿಲು ಕೆಳಗೆ ಇಳಿಯುತ್ತದೆ, ಅವರು ಇದ್ದಲ್ಲೇ ಇರುತ್ತಾರೆ. ಕೆಲವು ಕಡೆ ಅದು ಹಿಟ್ಟು ಬೀಸುತ್ತಿತ್ತು. ಲಂಡನ್ನಿನ ಕೋಲ್ಡ್‌ಬಾತ್ ಫೀಲ್ಡ್ಸ್ ಸೆರೆಮನೆಯಲ್ಲಿ ಏನನ್ನೂ ಬೀಸುತ್ತಿರಲಿಲ್ಲ, ಚಕ್ರಕ್ಕೆ ಗಾಳಿ ತಡೆಯುವ ದೊಡ್ಡ ರೆಕ್ಕೆ ಕಟ್ಟಿದ್ದರು. ಅದನ್ನು ಕೈದಿಗಳು ಗಾಳಿ ಬೀಸುವುದು ಎಂದು ಕರೆದರು. ಸಾಹಿತಿ ಆಸ್ಕರ್ ವೈಲ್ಡ್‌ಗೆ 1895ರಲ್ಲಿ ಎರಡು ವರ್ಷಗಳ ಕಠಿಣ ಶಿಕ್ಷೆ ಬಿದ್ದಾಗಲೂ ಈ ಚಕ್ರಗಳು ತಿರುಗುತ್ತಿದ್ದವು. ಇವುಗಳನ್ನು ಇಂಗ್ಲೆಂಡ್ ಕೈಬಿಟ್ಟದ್ದು 1898ರ ಸೆರೆಮನೆ ಕಾಯಿದೆಯ ನಂತರ.

ಹೆನ್ರಿ ಮೇಹ್ಯೂ ಮತ್ತು ಜಾನ್ ಬಿನ್ನಿ 1862ರಲ್ಲಿ ಲಂಡನ್ನಿನ ಸೆರೆಮನೆಗಳ ಬಗ್ಗೆ ಪ್ರಕಟಿಸಿದ ದಪ್ಪ ಪುಸ್ತಕದಲ್ಲಿ ಕೋಲ್ಡ್‌ಬಾತ್ ಫೀಲ್ಡ್ಸ್‌ನ ಚಕ್ರದ ಚಿತ್ರವಿದೆ. ಮಾರಾಟದಲ್ಲಿರುವ ಬಹುತೇಕ ಚಕ್ರದ ಚಿತ್ರಗಳ ಮೂಲ ಇದೇ, ಅಥವಾ ಇದರ ನಕಲಿನ ನಕಲು. ಚಿತ್ರದಲ್ಲಿ ಭಾವಾವೇಶವಿಲ್ಲ. ಒಂದು ಕಡೆ ತುಳಿಯುವವರ ಬೆನ್ನುಗಳು, ಮುಂದೆ ಅಂಗಳದಲ್ಲಿ ನಡೆಯುವವರು. ವರದಿಗಾರನ ತಣ್ಣನೆಯ ಕಣ್ಣು. ಅದೇ ಪುಸ್ತಕದಲ್ಲಿರುವ ಪೆಂಟನ್‌ವಿಲ್ ಸೆರೆಮನೆಯ ಪ್ರಾರ್ಥನಾ ಮಂದಿರದ ಚಿತ್ರ ಇನ್ನೂ ವಿಶೇಷ. 1842ರಲ್ಲಿ ತೆರೆದ ಆ ಸೆರೆಮನೆಯಲ್ಲಿ ಕೈದಿ ಇನ್ನೊಬ್ಬ ಕೈದಿಯ ಮುಖ ನೋಡಬಾರದು ಎಂಬುದೇ ನಿಯಮ. ಕೋಣೆಯಿಂದ ಹೊರಬಂದರೆ ಮುಖ ಮುಚ್ಚುವ ಟೋಪಿ. ಪ್ರಾರ್ಥನೆಗೂ ಒಬ್ಬೊಬ್ಬನಿಗೆ ಒಂದೊಂದು ಮರದ ಗೂಡು. ಪಾದ್ರಿಗೆ ಎಲ್ಲರೂ ಕಾಣುತ್ತಾರೆ, ಅವರಿಗೆ ಪಾದ್ರಿ ಮಾತ್ರ. ಸಾಲುಸಾಲು ಗೂಡುಗಳಿಂದ ಇಣುಕುವ ತಲೆಗಳ ಆ ಚಿತ್ರವನ್ನು ಗೋಡೆಗೆ ಹಾಕಿದರೆ ಬಂದವರು ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿ ನೋಡದೆ ಇರುವುದಿಲ್ಲ. ಇಷ್ಟಾದರೂ ಲೋಹದ ಚಿತ್ರ ಮಾರುವವರಲ್ಲಿ ಇದನ್ನು ಇಟ್ಟವರು ಕಡಿಮೆ, ಏಕೆಂದರೆ ಇದರಲ್ಲಿ ಸರಪಳಿಯೂ ಇಲ್ಲ, ಚಾವಟಿಯೂ ಇಲ್ಲ.

ನಾನು ಬಿಡಿ ಎನ್ನುವವು

ಅಮೆರಿಕದ ಸರಪಳಿ ಕಟ್ಟಿದ ಕೈದಿಗಳ ಫೋಟೊಗಳು ತಗಡಿನ ಫಲಕಗಳಲ್ಲಿ ಧಾರಾಳವಾಗಿ ಬರುತ್ತವೆ. ಹೋಟೆಲು, ಕೆಫೆಗಳಿಗೆ ಇವು ಇಷ್ಟ. ಅಂತರ್ಯುದ್ಧದ ನಂತರ ದಕ್ಷಿಣದ ರಾಜ್ಯಗಳು ಕೈದಿಗಳನ್ನು ತೋಟ, ಗಣಿ, ರೈಲುಮಾರ್ಗದ ಕೆಲಸಕ್ಕೆ ಬಾಡಿಗೆಗೆ ಕೊಡತೊಡಗಿದವು. ಜಾರ್ಜಿಯಾ 1908ರಲ್ಲಿ ಬಾಡಿಗೆ ಪದ್ಧತಿ ನಿಲ್ಲಿಸಿ ಅವರನ್ನೇ ರಸ್ತೆ ಕೆಲಸಕ್ಕೆ ಇಳಿಸಿತು. ಅವರಲ್ಲಿ ಬಹುಪಾಲು ಕಪ್ಪು ಜನ. ಆ ಫೋಟೊಗಳಲ್ಲಿ ಇರುವವರಿಗೆ ಮುಖವಿದೆ, ಮಕ್ಕಳು ಮೊಮ್ಮಕ್ಕಳಿದ್ದಾರೆ, ಯಾರೂ ಅವರ ಒಪ್ಪಿಗೆ ಕೇಳಿಲ್ಲ. ಬಿಯರ್ ಲೋಟದ ಹಿಂದೆ ಅಲಂಕಾರವಾಗಿ ತೂಗುಹಾಕಲು ಅವರೇ ಬೇಕೆ? ಈ ಇತಿಹಾಸವೇ ನಿಮ್ಮ ಆಸಕ್ತಿಯಾದರೆ ಜ್ಯಾಕ್ ಡೆಲಾನೊ 1941ರಲ್ಲಿ ಜಾರ್ಜಿಯಾದ ಗ್ರೀನ್ ಕೌಂಟಿಯ ಕೈದಿಗಳ ಶಿಬಿರದಲ್ಲಿ ತೆಗೆದ ಫೋಟೊಗಳಿವೆ. ಸರ್ಕಾರದ ಕೆಲಸಕ್ಕಾಗಿ ತೆಗೆದವು, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಎಲ್ಲರಿಗೂ ಲಭ್ಯ. ಅವುಗಳಲ್ಲಿ ಕೈದಿ ವ್ಯಕ್ತಿಯಾಗಿ ಕಾಣುತ್ತಾನೆ. ಓದುವ ಕೋಣೆಗೆ, ಪಕ್ಕದಲ್ಲಿ ವಿವರವಿಟ್ಟು ಹಾಕಿದರೆ ಅಡ್ಡಿಯಿಲ್ಲ.

ಅಲ್ಕಟ್ರಾಜ್ ಫಲಕಗಳು ಬೇರೆ ಜಾತಿ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಆ ದ್ವೀಪ 1934ರಿಂದ 1963ರವರೆಗೆ ಕೇಂದ್ರ ಸೆರೆಮನೆಯಾಗಿತ್ತು. ಅಲ್ಲಿನ ನಿಯಮ ಪುಸ್ತಿಕೆಯ ಐದನೆಯ ನಿಯಮ, ಊಟ, ಬಟ್ಟೆ, ವಸತಿ ಮತ್ತು ವೈದ್ಯಕೀಯ ನೆರವು ಮಾತ್ರ ನಿನ್ನ ಹಕ್ಕು, ಮಿಕ್ಕಿದ್ದೆಲ್ಲ ವಿಶೇಷ ಸವಲತ್ತು ಎನ್ನುವುದು, ತಗಡಿನ ಮೇಲೆ ಅಚ್ಚಾಗಿ ಹಾಸ್ಟೆಲ್ ಕೋಣೆಗಳವರೆಗೂ ತಲುಪಿದೆ. ಅದೊಂದು ತಮಾಷೆ, ತಮಾಷೆಯ ಬೆಲೆಗೇ ಸಿಗುತ್ತದೆ. ಒಂದು ವರ್ಷ ಗೋಡೆಯ ಮೇಲಿದ್ದು ಹೋಗಲಿ ಎನ್ನುವವರು ಕೊಳ್ಳಬಹುದು.

ಇವೆರಡಕ್ಕಿಂತ ಎಚ್ಚರ ಬೇಕಾದದ್ದು ಈಚೆಗೆ ತುಂಬಿಕೊಂಡಿರುವ, ಕಂಪ್ಯೂಟರ್ ಸೃಷ್ಟಿಸಿದ ಹಳೆಯ ಚಿತ್ರಗಳ ಬಗ್ಗೆ. ಕಂದು ಬಣ್ಣ ಬಳಿದು, ಗೀರು ಹಾಕಿ, ಕೆಳಗೆ ಒಂದು ಇಸವಿ ಬರೆದು ಇತಿಹಾಸವೆಂದು ಮಾರುತ್ತಾರೆ. ಸರಪಳಿ ಎಲ್ಲಿಂದ ಹೊರಟು ಎಲ್ಲಿಗೆ ಸೇರುತ್ತದೆ ಎಂದು ಬೆರಳಿಟ್ಟು ಹಿಂಬಾಲಿಸಿ; ಇಂಥ ಚಿತ್ರಗಳಲ್ಲಿ ಅದು ನಡುವೆ ಎಲ್ಲೋ ಗಾಳಿಯಲ್ಲಿ ಕರಗುತ್ತದೆ. ಬಟ್ಟೆಯನ್ನೂ ನೋಡಿ. ಅಡ್ಡಪಟ್ಟೆಯ ಉಡುಪು ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಸೆರೆಮನೆಗಳದ್ದು. ಇಂಗ್ಲೆಂಡಿನ ಕೈದಿಯ ಅಂಗಿಯ ಮೇಲೆ ಇರುತ್ತಿದ್ದದ್ದು ಬಾಣದ ಗುರುತು. ಹದಿನೆಂಟನೆಯ ಶತಮಾನದ ಲಂಡನ್ ಎಂದು ಬರೆದ ಚಿತ್ರದಲ್ಲಿ ಅಡ್ಡಪಟ್ಟೆ ಕಂಡರೆ ಅಲ್ಲಿಗೇ ಮುಗಿಯಿತು.

ಅಂಡಮಾನ್ ಬೇಕೆನ್ನುವವರಿಗೆ

ನಮ್ಮವರಲ್ಲಿ ಈ ವಿಷಯ ಎತ್ತಿದೊಡನೆ ಕೇಳುವುದು ಕರಿನೀರಿನ ಶಿಕ್ಷೆಯ ಚಿತ್ರವಿದೆಯೇ ಎಂದು. ಈಗ ಶ್ರೀ ವಿಜಯಪುರಂ ಎನಿಸಿರುವ ಪೋರ್ಟ್ ಬ್ಲೇರ್‌ನ ಸೆಲ್ಯುಲರ್ ಜೈಲು ಕಟ್ಟಲು ಆರಂಭಿಸಿದ್ದು 1896ರಲ್ಲಿ, ಮುಗಿದದ್ದು 1906ರಲ್ಲಿ. ನಡುವಿನ ಗೋಪುರದಿಂದ ಏಳು ರೆಕ್ಕೆಗಳು, ಅವುಗಳಲ್ಲಿ ಸುಮಾರು 690 ಒಂಟಿ ಕೋಣೆಗಳು. ಗಾಣಕ್ಕೆ ಎತ್ತಿನ ಬದಲು ಮನುಷ್ಯನನ್ನು ಹೂಡಿ ಕೊಬ್ಬರಿ ಎಣ್ಣೆ ತೆಗೆಸುತ್ತಿದ್ದರು. ನಿಗದಿಯಾದಷ್ಟು ಎಣ್ಣೆ ಬಾರದಿದ್ದರೆ ನಿಂತ ಬೇಡಿ, ಅಡ್ಡ ಸರಳಿನ ಬೇಡಿ, ಛಡಿಯೇಟಿನ ಚೌಕಟ್ಟು. 1979ರಲ್ಲಿ ರಾಷ್ಟ್ರೀಯ ಸ್ಮಾರಕವಾಯಿತು. ಏಳು ರೆಕ್ಕೆಗಳಲ್ಲಿ ಮೂರು ಉಳಿದಿವೆ.

ಅಲ್ಲಿ ಪ್ರವಾಸಿಗರು ಫೋಟೊ ತೆಗೆಯುವ ಗಾಣದ ಮತ್ತು ಛಡಿಯೇಟಿನ ದೃಶ್ಯಗಳು ಇತ್ತೀಚೆಗೆ ಮಾಡಿಟ್ಟ ಪ್ರತಿಮೆಗಳು. ಅವುಗಳ ಫೋಟೊವನ್ನು ಕಪ್ಪುಬಿಳುಪು ಮಾಡಿ ಲೋಹಕ್ಕೆ ಹಾಕಿ ಹಳೆಯ ಛಾಯಾಚಿತ್ರವೆಂದು ಯಾರಾದರೂ ಕೊಟ್ಟರೆ ಒಪ್ಪಬೇಡಿ. ಸ್ವಂತ ಪ್ರವಾಸದ ನೆನಪಿಗೆ ನೀವೇ ತೆಗೆದದ್ದನ್ನು ಅಚ್ಚು ಹಾಕಿಸಿಕೊಳ್ಳುವುದು ಬೇರೆ ಮಾತು. ಆಗಲೂ ಪ್ರತಿಮೆಗಿಂತ ಓಣಿಯ ಫೋಟೊ ಒಳ್ಳೆಯದು. ಒಂದೇ ಅಳತೆಯ ಬಾಗಿಲುಗಳು ಸಾಲಾಗಿ ದೂರಕ್ಕೆ ಓಡುವ ಆ ನೋಟ ಲೋಹದ ಮೇಲೆ ಅದ್ಭುತವಾಗಿ ನಿಲ್ಲುತ್ತದೆ.

ಇದಕ್ಕಿಂತ ಒಳ್ಳೆಯ ಉಪಾಯವೂ ಒಂದಿದೆ, ಅದನ್ನು ಲೋಹದ ಮಾತಿನಲ್ಲಿ ಹೇಳುತ್ತೇನೆ.

ಯಾವ ಲೋಹ, ಯಾವ ಅಚ್ಚು

ತೆಳು ಉಕ್ಕಿನ ತಗಡು ಎಲ್ಲಕ್ಕಿಂತ ಅಗ್ಗ, ಕೆಲವೇ ನೂರು ರೂಪಾಯಿ. ಮೂಲೆಗಳಲ್ಲಿ ನಾಲ್ಕು ತೂತು, ಅಂಚು ಮಡಿಸಿರುತ್ತದೆ. ಅಕ್ಷರಗಳಿಗೆ, ಗಟ್ಟಿ ಬಣ್ಣಗಳಿಗೆ ಸರಿ. ಗೆರೆಯ ಚಿತ್ರಕ್ಕೆ ಸಲ್ಲದು. ಕೊರಿಯರ್‌ನಲ್ಲಿ ಒಮ್ಮೆ ಬಾಗಿದರೆ ಆ ಗೆರೆ ಹೋಗುವುದಿಲ್ಲ. ಕಾರವಾರ, ಮಂಗಳೂರಿನ ಕಡೆಯವರು ಇನ್ನೊಂದು ಮಾತು ಗಮನಿಸಬೇಕು: ಬಣ್ಣದ ಲೇಪ ತೂತಿನ ಅಂಚಿನಲ್ಲಿ ಎದ್ದಿರುತ್ತದೆ, ಮೊದಲ ಮಳೆಗಾಲದಲ್ಲೇ ಅಲ್ಲಿಂದ ತುಕ್ಕು ಹೊರಡುತ್ತದೆ, ಗೋಡೆಯ ಸುಣ್ಣದ ಮೇಲೂ ಇಳಿಯುತ್ತದೆ.

ಅಲ್ಯೂಮಿನಿಯಂ ಹಾಳೆಯ ಮೇಲಿನ ಸಬ್ಲಿಮೇಷನ್ ಅಚ್ಚು ಈ ಚಿತ್ರಗಳಿಗೆ ಹೇಳಿ ಮಾಡಿಸಿದ್ದು. ಮೊದಲೇ ಲೇಪ ಹಾಕಿದ, ಒಂದು ಮಿಲಿಮೀಟರಿಗಿಂತ ತುಸು ದಪ್ಪದ ಹಾಳೆಯ ಮೇಲೆ ಶಾಯಿಯ ಕಾಗದವನ್ನಿಟ್ಟು ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒತ್ತುತ್ತಾರೆ. ಶಾಯಿ ಆವಿಯಾಗಿ ಲೇಪದ ಒಳಗೆ ಇಳಿಯುತ್ತದೆ. ಉಗುರಿನಿಂದ ಕೆರೆದರೆ ಬರುವುದಿಲ್ಲ, ಒದ್ದೆ ಬಟ್ಟೆಯಿಂದ ಒರೆಸಬಹುದು. ಇದರಲ್ಲಿ ಎರಡು ಬಗೆ. ಬಿಳಿ ತಳದ್ದರಲ್ಲಿ ಚಿತ್ರದ ಬಿಳಿ ಬಿಳಿಯಾಗಿಯೇ ಉಳಿಯುತ್ತದೆ. ಪಾರದರ್ಶಕ ತಳದ್ದರಲ್ಲಿ ಬಿಳಿ ಇರಬೇಕಾದ ಕಡೆ ಬರಿಯ ಲೋಹ ಮಿನುಗುತ್ತದೆ. ಡೊರೆಗೂ ಮೇಹ್ಯೂ ಪುಸ್ತಕದ ಚಿತ್ರಗಳಿಗೂ ಬಿಳಿ ತಳ, ಮ್ಯಾಟ್ ಮೇಲ್ಮೈ. ಪಿರಾನೇಸಿಯ ಮೊದಲ ಆವೃತ್ತಿಯನ್ನು ಮಾತ್ರ ಪಾರದರ್ಶಕ ತಳದಲ್ಲಿ ಪ್ರಯತ್ನಿಸಬಹುದು. ಕೊಠಡಿಯ ಬೆಳಕು ಬದಲಾದಂತೆ ಕಮಾನುಗಳ ಹಿಂದಿನ ಬೆಳಕೂ ಬದಲಾಗುತ್ತದೆ. ಎದುರಿಗೆ ಕಿಟಕಿಯಿದ್ದರೆ ಬೇಡ, ಚಿತ್ರದ ಬದಲು ಕಿಟಕಿ ಕಾಣುತ್ತದೆ. ನೇರ ಬಿಸಿಲು ಯಾವ ಬಗೆಗೂ ಒಳ್ಳೆಯದಲ್ಲ, ಬಣ್ಣ ಮಾಸುತ್ತದೆ.

ಅಂಗಡಿ ಬೋರ್ಡುಗಳಿಗೆ ಬಳಸುವ ಎಸಿಪಿ ಶೀಟಿನ ಮೇಲೆ ಯುವಿ ಅಚ್ಚು (ಶಾಯಿಯನ್ನು ಅತಿನೇರಳೆ ಬೆಳಕಿನಲ್ಲಿ ಒಣಗಿಸುವ ಬಗೆ) ಹಾಕಿಸುವುದು ಇನ್ನೊಂದು ದಾರಿ. ಎರಡು ಅಲ್ಯೂಮಿನಿಯಂ ಪದರಗಳ ನಡುವೆ ಪ್ಲಾಸ್ಟಿಕ್, ಒಟ್ಟು 3 ಮಿಲಿಮೀಟರ್. ನಾಲ್ಕಡಿ ಅಗಲದ ಚಿತ್ರ ಬೇಕಾದಾಗ ಇದೇ ಕೈಗೆಟಕುವುದು, ಬಾಗುವುದೂ ಇಲ್ಲ. ಆದರೆ ಶಾಯಿ ಮೇಲೆಯೇ ಕುಳಿತಿರುವುದರಿಂದ ಕುರ್ಚಿಯ ತುದಿ ತಾಗಿದರೂ ಗೀರು ಬೀಳುತ್ತದೆ. ಬೋರ್ಡ್ ಮಾಡುವವರು ತಾವಾಗಿಯೇ ಬಣ್ಣವನ್ನು ಗಾಢ ಮಾಡಿಬಿಡುತ್ತಾರೆ. ಫೈಲನ್ನು ಇದ್ದ ಹಾಗೆಯೇ ಹಾಕಿ ಎಂದು ಎರಡು ಬಾರಿ ಹೇಳಬೇಕು.

ಲೇಸರ್‌ನಿಂದ ಕೊರೆದ ಉಕ್ಕಿನ ಹಾಳೆ, ಅದಕ್ಕೆ ಪೌಡರ್ ಕೋಟಿಂಗ್ (ಪುಡಿ ಬಣ್ಣ ಸಿಂಪಡಿಸಿ ಕಾಯಿಸಿದ ಲೇಪ): ನಿಜವಾದ ಅರ್ಥದಲ್ಲಿ ಲೋಹದ ಕಲೆ ಇದೊಂದೇ, ಮಿಕ್ಕವೆಲ್ಲ ಲೋಹದ ಮೇಲಿನ ಅಚ್ಚು. ಆದರೆ ಇಲ್ಲಿ ನೆರಳುಬೆಳಕಿನ ಹಂತಗಳಿಲ್ಲ, ಇರುವುದು ಹಾಳೆ ಅಥವಾ ತೂತು. ಕೈದಿಯ ಆಕೃತಿಯನ್ನು ಇದರಲ್ಲಿ ಕೊರೆದರೆ ರಸ್ತೆ ಬದಿಯ ಸೂಚನಾಫಲಕದ ಗೊಂಬೆಯಾಗುತ್ತಾನೆ. ಮೇಲೆ ಹೇಳಿದ ಉಪಾಯ ಇದು: ಮನುಷ್ಯರನ್ನು ಬಿಟ್ಟು ಕಟ್ಟಡದ ನಕ್ಷೆಯನ್ನು ಕೊರೆಸಿ. ಸೆಲ್ಯುಲರ್ ಜೈಲಿನ ನಕ್ಷೆ, ಗೋಪುರದಿಂದ ಹೊರಟ ಏಳು ರೆಕ್ಕೆಗಳು, ಲೇಸರ್‌ಗೆಂದೇ ಬರೆದಂತಿದೆ. 1829ರಲ್ಲಿ ಫಿಲಡೆಲ್ಫಿಯಾದಲ್ಲಿ ತೆರೆದ ಈಸ್ಟರ್ನ್ ಸ್ಟೇಟ್ ಸೆರೆಮನೆಗೂ ಮೂಲ ವಿನ್ಯಾಸದಲ್ಲಿ ಏಳೇ ರೆಕ್ಕೆಗಳಿದ್ದವು. ಎರಡನ್ನೂ ಒಂದೇ ಅಳತೆಯಲ್ಲಿ ಕೊರೆಸಿ ಪಕ್ಕಪಕ್ಕ ಹಾಕಿದರೆ, ನಡುವೆ ನಿಂತ ಒಬ್ಬ ಕಾವಲುಗಾರ ಎಲ್ಲ ಓಣಿಗಳನ್ನೂ ನೋಡಬೇಕೆಂಬ ಯೋಚನೆ ಸಮುದ್ರ ದಾಟಿ ಬಂದದ್ದು ಮಾತಿಲ್ಲದೆ ಕಾಣುತ್ತದೆ. ಇಂಗ್ಲಿಷ್ ಚಿಂತಕ ಜೆರೆಮಿ ಬೆಂಥಮ್‌ನ ದುಂಡು ಸೆರೆಮನೆಯ 1791ರ ನಕ್ಷೆಯನ್ನೂ ಸೇರಿಸಿ ಮೂರು ಮಾಡಬಹುದು. ಬೆಂಗಳೂರಿನವರು ಫ್ರೀಡಂ ಪಾರ್ಕಿಗೆ ಹೋಗಿ, ಹಳೆಯ ಸೆಂಟ್ರಲ್ ಜೈಲಿನಿಂದ ಉಳಿದಿರುವ ಕಾವಲು ಗೋಪುರವನ್ನು ಒಮ್ಮೆ ನೋಡಿ ಬಂದರೆ ಈ ನಕ್ಷೆಗಳು ಇನ್ನಷ್ಟು ಅರ್ಥವಾಗುತ್ತವೆ. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅವರನ್ನು ಇಟ್ಟಿದ್ದದ್ದು ಅಲ್ಲಿಯೇ. ಕೊರೆಸುವಾಗ ಒಂದು ತಾಂತ್ರಿಕ ಎಚ್ಚರ: ಸುತ್ತಲೂ ತೂತಾದ ತುಂಡು ಕಳಚಿ ಬೀಳುತ್ತದೆ, ಆದ್ದರಿಂದ ಪ್ರತಿ ತುಂಡನ್ನೂ ಹಿಡಿದಿಡುವ ಸಣ್ಣ ಪಟ್ಟಿ ನಕ್ಷೆಯಲ್ಲಿ ಇರಬೇಕು. ಗೋಡೆಗೆ ಅಂಟಿಸದೆ ಒಂದಿಂಚು ದೂರ ನಿಲ್ಲಿಸಿದರೆ ನೆರಳೂ ನಕ್ಷೆಯಾಗುತ್ತದೆ.

ಕೊನೆಯದು ಹಿತ್ತಾಳೆ ಅಥವಾ ತಾಮ್ರದ ಮೇಲೆ ರಾಸಾಯನಿಕದಿಂದ ಕಚ್ಚಿಸುವ ಕೆಲಸ. ಮನೆ ಬಾಗಿಲಿನ ನಾಮಫಲಕ ಮಾಡುವವರು ಫೆರಿಕ್ ಕ್ಲೋರೈಡ್ ಬಳಸಿ ಮಾಡುವುದು ಇದನ್ನೇ. ಕಚ್ಚಿದ ಗೆರೆಗೆ ಕಪ್ಪು ತುಂಬುತ್ತಾರೆ. ಪಿರಾನೇಸಿ ತನ್ನ ಗೆರೆಗಳನ್ನು ತಾಮ್ರದಲ್ಲಿ ಕಚ್ಚಿಸಿದವನೇ ಆದ್ದರಿಂದ ಈ ದಾರಿಯಲ್ಲಿ ಅವನ ಚಿತ್ರ ಮೂಲ ಲೋಹಕ್ಕೇ ಮರಳಿದಂತೆ. ಇಡೀ ಫಲಕ ಬೇಡ, ಅಷ್ಟು ಸೂಕ್ಷ್ಮ ಗೆರೆ ಅವರ ಕೈಯಲ್ಲಿ ಬರುವುದಿಲ್ಲ. ಒಂದು ಮೆಟ್ಟಿಲು, ಒಂದು ರಾಟೆ ಇರುವ ಭಾಗವನ್ನು ಮಾತ್ರ ಆರಿಸಿ ಎ4 ಅಳತೆಯಲ್ಲಿ ಮಾಡಿಸಿ. ಖರ್ಚು ಜಾಸ್ತಿ. ಹಿತ್ತಾಳೆ ಕಪ್ಪಾಗದಂತೆ ಮೇಲೆ ಲ್ಯಾಕರ್ ಎಂಬ ಪಾರದರ್ಶಕ ಲೇಪ ಹೊಡೆಸಬೇಕು. ಇಷ್ಟೆಲ್ಲ ಮಾಡಿದ ಮೇಲೆ ಕೈಗೆ ಬರುವ ವಸ್ತುವಿಗೆ ಯಾವ ಅಂಗಡಿಯ ತಯಾರಿ ಮಾಲೂ ಸಮನಲ್ಲ.

ಸಿದ್ಧವಾದದ್ದೋ, ಮಾಡಿಸಿದ್ದೋ

ಮೇಲೆ ಹೇಳಿದ್ದನ್ನೆಲ್ಲ ಓದಿ ನನ್ನ ಒಲವು ಗೊತ್ತಾಗಿರಬಹುದು: ಮಾಡಿಸಿಕೊಳ್ಳಿ. ಡೊರೆ ತೀರಿಕೊಂಡದ್ದು 1883ರಲ್ಲಿ, ಪಿರಾನೇಸಿ 1778ರಲ್ಲಿ, ವ್ಯಾನ್ ಗೋ 1890ರಲ್ಲಿ. ನಮ್ಮ ಕಾಯಿದೆಯಲ್ಲಿ ಕಲಾಕೃತಿಯ ಹಕ್ಕು ಕಲಾವಿದ ತೀರಿಕೊಂಡ 60 ವರ್ಷಗಳವರೆಗೆ ಮಾತ್ರ ಇರುತ್ತದೆ. ಇವರ ಚಿತ್ರಗಳನ್ನು ಅಚ್ಚು ಹಾಕಿಸಲು ಯಾರ ಅಪ್ಪಣೆಯೂ ಬೇಡ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಿಂದ ತನ್ನಲ್ಲಿರುವ ಇಂಥ ಹಳೆಯ ಕೃತಿಗಳ ದೊಡ್ಡ ಫೈಲುಗಳನ್ನು ಉಚಿತವಾಗಿ ಕೊಡುತ್ತಿದೆ; ಪಿರಾನೇಸಿ ಅಲ್ಲಿ ಸಿಗುತ್ತಾನೆ. ತುಳಿಯುವ ಚಕ್ರದ ಚಿತ್ರಗಳಿಗೆ ಲಂಡನ್ನಿನ ವೆಲ್‌ಕಮ್ ಕಲೆಕ್ಷನ್ ನೋಡಿ. ಸಿದ್ಧ ಚಿತ್ರ ಮಾರುವವರೂ ಅಲ್ಲಿಂದಲೇ ಇಳಿಸಿಕೊಂಡಿರುತ್ತಾರೆ, ಹಲವು ಬಾರಿ ಚಿಕ್ಕ ಫೈಲನ್ನು.

ಲೆಕ್ಕ ಇಷ್ಟೇ. ಗೆರೆಯ ಚಿತ್ರಕ್ಕೆ ಇಂಚಿಗೆ 300 ಚುಕ್ಕೆ ಸಿಕ್ಕರೆ ಒಳ್ಳೆಯದು. 150ಕ್ಕಿಂತ ಕೆಳಗೆ ಇಳಿಯಬಾರದು. 24 ಇಂಚಿಗೆ 18 ಇಂಚು ಬೇಕಾದರೆ ಫೈಲು ಕನಿಷ್ಠ 3600ಕ್ಕೆ 2700 ಪಿಕ್ಸೆಲ್ ಇರಬೇಕು, 7200ಕ್ಕೆ 5400 ಇದ್ದರೆ ಸಂತೋಷ. ಪರದೆಯ ಮೇಲೆ ನೂರು ಪ್ರತಿಶತಕ್ಕೆ ಹಿಗ್ಗಿಸಿ ಒಂದು ಮುಖವನ್ನು ನೋಡಿ. ಗೆರೆಗಳು ಗೆರೆಗಳಾಗಿರಬೇಕು. ಚುಕ್ಕೆಚುಕ್ಕೆಯಾಗಿದ್ದರೆ ಅದು ಯಾವುದೋ ಪುಸ್ತಕದ ಮರುಮುದ್ರಣದಿಂದ ತೆಗೆದದ್ದು. ಲೋಹದ ಮೇಲೆ ಅಲೆಅಲೆಯಾದ ಕಲೆ ಮೂಡುತ್ತದೆ. ಚಿಕ್ಕ ಫೈಲನ್ನು ತಂತ್ರಾಂಶದಿಂದ ದೊಡ್ಡದು ಮಾಡಿಕೊಡುತ್ತೇವೆ ಎನ್ನುವವರಿಗೆ ನಮಸ್ಕಾರ ಹೇಳಿ. ಅದು ಇಲ್ಲದ ಗೆರೆಗಳನ್ನು ಹುಟ್ಟಿಸಿ ಕೈದಿಗಳ ಮುಖವನ್ನೆಲ್ಲ ಮೇಣವಾಗಿಸುತ್ತದೆ.

ಸಮಯವಿಲ್ಲ, ಸಿದ್ಧವಾದದ್ದೇ ಬೇಕು ಎಂದರೆ ಮಾರಾಟಗಾರರಿಗೆ ಮೂರು ಪ್ರಶ್ನೆ ಕೇಳಿ: ಮೂಲ ಚಿತ್ರ ಯಾವುದು, ಯಾವ ಅಂಚನ್ನಾದರೂ ಕತ್ತರಿಸಿದ್ದೀರಾ, ಲೋಹ ಯಾವುದು ಮತ್ತು ಎಷ್ಟು ದಪ್ಪ. ಪ್ರೀಮಿಯಂ ಮೆಟಲ್ ಎಂಬ ಉತ್ತರ ಬಂದರೆ ಅದು ತಗಡು.

ಎಲ್ಲಿ ಹಾಕುವುದು

ಬಾಗಿಲು ತೆರೆದೊಡನೆ ಎದುರಾಗುವ ಗೋಡೆಗೆ ಬೇಡ. ಬೆಳಗ್ಗೆ ಎದ್ದು ಯಾರ ಮುಖ ನೋಡಿದೆನೋ ಎಂದು ದಿನವನ್ನು ಅಳೆಯುವ ಹಿರಿಯರಿರುವ ಮನೆಯಲ್ಲಿ ಕೈದಿಗಳ ಸಾಲನ್ನು ಹಾಲ್‌ನಲ್ಲಿ ತೂಗುಹಾಕಿ ಜಗಳ ಕೊಂಡುಕೊಳ್ಳುವುದು ಜಾಣತನವಲ್ಲ. ಪಿರಾನೇಸಿಯಾದರೆ ಹಳೆಯ ಅರಮನೆ ಎಂದು ದಾಟಿಸಬಹುದು, ಎರಡನೆಯ ಫಲಕ ಒಂದನ್ನು ಬಿಟ್ಟು. ಮಕ್ಕಳ ಕೋಣೆ, ಮಲಗುವ ಕೋಣೆಗೆ ಯಾವುದೂ ಸಲ್ಲದು. ಓದುವ ಮೇಜಿನ ಮೇಲಿನ ಗೋಡೆ, ಕಚೇರಿ, ಮಹಡಿ ಮೆಟ್ಟಿಲ ಪಕ್ಕ, ಇವು ಸರಿಯಾದ ಜಾಗ. ಕಕ್ಷಿದಾರರು ಕೂರುವ ಕುರ್ಚಿಯ ನೇರ ಎದುರಿಗೆ ನ್ಯೂಗೇಟ್ ಅಂಗಳ ಹಾಕುವ ವಕೀಲರು ಇನ್ನೊಮ್ಮೆ ಯೋಚಿಸಲಿ. ಜಾಮೀನು ಸಿಗುತ್ತದೆಯೇ ಎಂದು ಕೇಳಲು ಬಂದವರ ಕಣ್ಣಿಗೆ ಅದು ಕಲೆಯಾಗಿ ಕಾಣುವುದಿಲ್ಲ.

ಹಗುರ ಅಲ್ಯೂಮಿನಿಯಂಗೆ ಅಂಟುಪಟ್ಟಿ ಸಾಕು ಎಂದು ಪೆಟ್ಟಿಗೆಯ ಮೇಲೆ ಬರೆದಿರುತ್ತದೆ. ಡಿಸ್ಟೆಂಪರ್ ಬಳಿದ ಗೋಡೆಯಲ್ಲಿ ಆ ಪಟ್ಟಿ ಮಳೆಗಾಲದಲ್ಲಿ ಬಣ್ಣದ ಸಮೇತ ಕಳಚುತ್ತದೆ. ಡ್ರಿಲ್ ಮಾಡಿ ಸ್ಕ್ರೂ ಹಾಕಿ. ಲೇಸರ್ ಕೊರೆದ ಉಕ್ಕಿಗಂತೂ ಕನಿಷ್ಠ ನಾಲ್ಕು ಕಡೆ ಆಧಾರ ಬೇಕು. ಜೊತೆಗೆ ಒಂದು ಪುಟ್ಟ ಹಿತ್ತಾಳೆ ಚೀಟಿ ಮಾಡಿಸಿ ಪಕ್ಕದಲ್ಲಿ ಹಾಕಿ: ಚಿತ್ರ ಯಾರದ್ದು, ಯಾವ ಸೆರೆಮನೆ, ಯಾವ ಇಸವಿ. ಮೂರಿಂಚು ಅಗಲ ಸಾಕು, ನಾಮಫಲಕದವರು ಒಂದೆರಡು ದಿನದಲ್ಲಿ ಕೊಡುತ್ತಾರೆ.